ನೆತ್ತಿಗೆ ಪಿಸ್ತೂಲು, ಕಣ್ಣು ಇಂಧನದ ಮುಳ್ಳಿನ ಮೇಲೆ

ಹಾವೇರಿ ಜಿಲ್ಲೆಯ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಹಿರೇಕೆರೂರಿನಿಂದ ಸವಣೂರಿಗೆ ಒಂದು ಗೆರೆ ಎಳೆಯಿರಿ. ನೇರ ದೂರ ಐವತ್ತೈದು ಕಿಲೋಮೀಟರಿನ ಆಸುಪಾಸು. ರಸ್ತೆ ಹಿಡಿದು ಹೋಗುವವರಿಗೆ ಇನ್ನೂ ಹೆಚ್ಚು. ಗಂಟೆಗೆ 850 ಕಿ.ಮೀ. ವೇಗದಲ್ಲಿ ಸಾಗುವ ಜೆಟ್ ವಿಮಾನಕ್ಕೆ ಮಾತ್ರ ಇದು ಕೇವಲ ನಾಲ್ಕು ನಿಮಿಷದ ದಾರಿ. ಅಮೃತಸರದಿಂದ ಲಾಹೋರಿಗೂ ಹೆಚ್ಚುಕಡಿಮೆ ಇಷ್ಟೇ ಅಂತರ. ಆದರೆ 1999ರ ಡಿಸೆಂಬರ್ 24ರ ರಾತ್ರಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ಅಮೃತಸರದಲ್ಲಿ ಮೇಲಕ್ಕೇರಿ ಲಾಹೋರಿನಲ್ಲಿ ನೆಲ ಮುಟ್ಟಲು ಹದಿನೇಳು ಹದಿನೆಂಟು ನಿಮಿಷ ಹಿಡಿಯಿತು. ಇಂಧನ ಮುಗಿಯುತ್ತ ಬಂದಿತ್ತು. ಕೆಳಗಿನ ವಿಮಾನ ನಿಲ್ದಾಣ ತನ್ನ ದೀಪಗಳನ್ನು ಆರಿಸಿ ಕತ್ತಲಲ್ಲಿ ಕುಳಿತಿತ್ತು. ಪೈಲಟ್‌ನ ಬೆನ್ನ ಹಿಂದೆ ಆಯುಧ ಹಿಡಿದವರು ನಿಂತಿದ್ದರು.

ಆ ವಿಮಾನವೇ ಐಸಿ-814. ಅದರ ಕ್ಯಾಪ್ಟನ್ ಹರಿಯಾಣದ ದೇವಿಶರಣ್.

ಕಂದಹಾರ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಇಂದಿಗೂ ಚರ್ಚೆಯಾಗುವುದು ರಾಜಕೀಯ. ಯಾರನ್ನು ಬಿಟ್ಟರು, ಯಾಕೆ ಬಿಟ್ಟರು, ಅಮೃತಸರದಲ್ಲೇ ಯಾಕೆ ತಡೆಯಲಿಲ್ಲ? ಈ ಪ್ರಶ್ನೆಗಳು ಮುಖ್ಯವಾದವೇ. ಆದರೆ ಎಂಟು ದಿನಗಳ ಆ ಪ್ರಕರಣದಲ್ಲಿ ವಿಮಾನವನ್ನು ಐದು ದೇಶಗಳ ನೆಲದ ಮೇಲೆ ಒಂದು ಬಿರುಕೂ ಬೀಳದಂತೆ ನಡೆಸಿದ ಮೂವರ ಕೆಲಸದ ಬಗ್ಗೆ ಮಾತು ಕಡಿಮೆ. ಹಾನಗಲ್, ಶಿಗ್ಗಾಂವಿಯ ಶಾಲೆಗಳಲ್ಲಿ ಇಂದು ಕುಳಿತಿರುವ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. ಅವರಿಗಾಗಿ ಆ ಭಾಗವನ್ನಷ್ಟೇ ಇಲ್ಲಿ ಹೇಳಬೇಕಾಗಿದೆ.

ನಿಮಿಷಕ್ಕೊಂದು ಕ್ವಿಂಟಲ್

ಏರ್‌ಬಸ್ ಎ-300 ಮಾದರಿಯ ಆ ವಿಮಾನ ಸಂಜೆ ನಾಲ್ಕರ ನಂತರ ಕಠ್ಮಂಡುವಿನಿಂದ ದೆಹಲಿಗೆ ಹೊರಟಿತ್ತು. ಪ್ರಯಾಣಿಕರು, ಸಿಬ್ಬಂದಿ ಎಲ್ಲ ಸೇರಿ ಒಳಗೆ ಸುಮಾರು 190 ಜನ. ಮುಂದಿನ ಕಾಕ್‌ಪಿಟ್‌ನಲ್ಲಿ ದೇವಿಶರಣ್, ಸಹ ಪೈಲಟ್ ರಾಜಿಂದರ್ ಕುಮಾರ್ ಮತ್ತು ಫ್ಲೈಟ್ ಎಂಜಿನಿಯರ್ ಅನಿಲ್ ಕುಮಾರ್ ಜಗ್ಗಿಯಾ. ಈಗಿನ ವಿಮಾನಗಳಲ್ಲಿ ಮೂರನೆಯವರಿಲ್ಲ. ಆ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಂದಿನ ಎ-300ರಲ್ಲಿ ಎಂಜಿನ್, ವಿದ್ಯುತ್, ಇಂಧನ ಇವುಗಳ ಮೇಲೆ ಕಣ್ಣಿಡಲೆಂದೇ ಒಬ್ಬ ಎಂಜಿನಿಯರ್ ಪಕ್ಕದ ಫಲಕದೆದುರು ಕೂರುತ್ತಿದ್ದರು.

ಐದು ಗಂಟೆಗೆ ಸ್ವಲ್ಪ ಮೊದಲು, ವಿಮಾನ ಭಾರತದ ಆಕಾಶವನ್ನು ಪ್ರವೇಶಿಸುವ ಹೊತ್ತಿಗೆ, ಮುಸುಕು ಧರಿಸಿದ ಐವರು ಎದ್ದು ನಿಂತರು. ಒಬ್ಬ ಕಾಕ್‌ಪಿಟ್‌ಗೆ ನುಗ್ಗಿದ. ಪಶ್ಚಿಮಕ್ಕೆ ನಡೆ, ಲಾಹೋರಿಗೆ ನಡೆ ಎಂಬ ಅಪ್ಪಣೆ!

ಇಲ್ಲಿಂದ ಮುಂದಿನದೆಲ್ಲ ಇಂಧನದ ಕಥೆ. ನಮ್ಮ ಮೋಟಾರ್ ಸೈಕಲ್ಲಿಗೆ ಪೆಟ್ರೋಲನ್ನು ಲೀಟರಿನಲ್ಲಿ ಹಾಕಿಸುತ್ತೇವೆ. ವಿಮಾನದಲ್ಲಿ ಲೆಕ್ಕ ಕಿಲೋಗ್ರಾಮಿನಲ್ಲಿ. ಕಾರಣ ಸರಳ. ದ್ರವ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಲೀಟರ್ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಎಂಜಿನ್‌ಗೆ ಸಿಗುವ ಶಕ್ತಿ ತೂಕಕ್ಕೆ ಹೊಂದಿಕೊಂಡದ್ದು. ಎ-300ರಂಥ ವಿಮಾನದ ಎರಡು ಎಂಜಿನ್‌ಗಳು ಗಂಟೆಗೆ ಐದಾರು ಟನ್ ಇಂಧನ ಸುಡುತ್ತವೆ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಗೋವಿನಜೋಳ ಬೆಳೆಯುವ ನಮ್ಮ ರೈತರಿಗೆ ಆ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಯಾವ ವಿಮಾನವೂ ಬೇಕಾದಷ್ಟು ಇಂಧನ ತುಂಬಿಕೊಂಡು ಹೊರಡುವುದಿಲ್ಲ. ತಲುಪಬೇಕಾದ ಊರಿಗೆ ಎಷ್ಟು ಬೇಕು, ಅಲ್ಲಿ ಇಳಿಯಲಾಗದಿದ್ದರೆ ಮತ್ತೊಂದು ಊರಿಗೆ ಎಷ್ಟು ಬೇಕು, ಅದರ ಮೇಲೆ ಆಕಾಶದಲ್ಲಿ ಕಾಯಬೇಕಾದರೆ ಸುಮಾರು ಅರ್ಧ ಗಂಟೆಗೆ ಎಷ್ಟು ಎಂದು ಕೂಡಿಸಿ ಅಷ್ಟನ್ನೇ ತುಂಬುತ್ತಾರೆ. ಹೆಚ್ಚು ತುಂಬಿದರೆ ಆ ಹೆಚ್ಚುವರಿ ಭಾರವನ್ನು ಹೊರಲೆಂದೇ ಮತ್ತಷ್ಟು ಇಂಧನ ಸುಡಬೇಕಲ್ಲ! ಕಠ್ಮಂಡುವಿನಿಂದ ದೆಹಲಿಗೆ ಹೊರಟವರ ಬಳಿ ದೇಶ ಸುತ್ತುವಷ್ಟು ಇಂಧನ ಇರಲು ಸಾಧ್ಯವೇ ಇರಲಿಲ್ಲ.

ಲಾಹೋರಿನವರು ಇಳಿಯಲು ಅನುಮತಿ ಕೊಡಲಿಲ್ಲ. ಇಂಧನ ಸಾಲದು, ಹತ್ತಿರ ಎಲ್ಲಾದರೂ ಇಳಿಯಲೇಬೇಕು ಎಂದು ದೇವಿಶರಣ್ ಅಪಹರಣಕಾರರಿಗೆ ಮತ್ತೆ ಮತ್ತೆ ಹೇಳಿದರು. ಕೊನೆಗೆ ಒಪ್ಪಿಸಿ ಸಂಜೆ ಏಳರ ಸುಮಾರಿಗೆ ಅಮೃತಸರದಲ್ಲಿ ಇಳಿಸಿದರು. ಪಿಸ್ತೂಲಿನ ಮುಂದೆ ಕೂತ ಮನುಷ್ಯ ಕೂಗಾಡದೆ, ಅಂಗಲಾಚದೆ, ಯಂತ್ರದ ಮುಳ್ಳನ್ನು ತೋರಿಸಿ ಎದುರಾಳಿಯನ್ನು ತನ್ನ ದೇಶದ ನೆಲಕ್ಕೆ ಇಳಿಸಿದ್ದು ಸಣ್ಣ ಮಾತಲ್ಲ. ಆ ಸಂಜೆಯ ಅತ್ಯಂತ ದೊಡ್ಡ ಅವಕಾಶವನ್ನು ದೇಶಕ್ಕೆ ಒದಗಿಸಿಕೊಟ್ಟದ್ದು ಕಾಕ್‌ಪಿಟ್‌ನಲ್ಲಿದ್ದವರೇ. ಅದನ್ನು ಬಳಸಿಕೊಳ್ಳುವುದು ನೆಲದ ಮೇಲಿದ್ದವರ ಕೆಲಸವಾಗಿತ್ತು. ಮುಕ್ಕಾಲು ಗಂಟೆ ಕಳೆಯಿತು. ಇಂಧನದ ಟ್ಯಾಂಕರ್ ವಿಮಾನದ ಬಳಿ ಬರಲಿಲ್ಲ, ಕಮಾಂಡೋಗಳೂ ಬರಲಿಲ್ಲ. ಅಪಹರಣಕಾರರ ಸಂಶಯ ಬೆಳೆಯಿತು. ಒಳಗೆ ಪ್ರಯಾಣಿಕರ ಮೇಲೆ ಚಾಕು ಬೀಸಿದರು. ಈಗಿಂದೀಗ ಏರಿಸು, ಇಲ್ಲವಾದರೆ ಒಬ್ಬೊಬ್ಬರನ್ನೇ ಕೊಲ್ಲುತ್ತೇವೆ ಎಂದರು. ಏಳು ಐವತ್ತರ ಹೊತ್ತಿಗೆ, ಒಂದು ಹನಿ ಇಂಧನವನ್ನೂ ತುಂಬಿಸಿಕೊಳ್ಳದೆ, ರನ್‌ವೇ ಮೇಲಿದ್ದ ವಾಹನವೊಂದನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿ ಐಸಿ-814 ಕತ್ತಲಿಗೆ ಏರಿತು.

ರಸ್ತೆಯೇ ರನ್‌ವೇ ಎಂದು

ಲಾಹೋರ್ ಮತ್ತೆ ಬೇಡವೆಂದಿತು. ರನ್‌ವೇಯ ದೀಪಗಳೂ ದಿಕ್ಕು ತೋರುವ ರೇಡಿಯೋ ಸಾಧನಗಳೂ ಬಂದ್ ಆದವು. ಪೈಲಟ್ ರಾತ್ರಿ ಇಳಿಯುವಾಗ ಕಣ್ಣಿಗೆ ಆಧಾರ ಎರಡು ಸಾಲು ದೀಪಗಳು. ಅವುಗಳ ನಡುವಿನ ಅಂತರ ಅಗಲವಾಗುತ್ತ ಬರುವ ರೀತಿಯಿಂದಲೇ ತಾನೆಷ್ಟು ಎತ್ತರದಲ್ಲಿದ್ದೇನೆ, ಯಾವ ಕೋನದಲ್ಲಿ ಇಳಿಯುತ್ತಿದ್ದೇನೆ ಎಂದು ಅವನು ಅಂದಾಜಿಸುತ್ತಾನೆ. ದೀಪವಿಲ್ಲದ ರನ್‌ವೇ ಮೇಲಿನಿಂದ ನೋಡುವವರಿಗೆ ಹೊಲದಷ್ಟೇ ಕಪ್ಪು. ಶಿಗ್ಗಾಂವಿಯ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ರಾತ್ರಿ ದೂರದಿಂದ ನೋಡಿದವರಿಗೆ ಗೊತ್ತು, ಉದ್ದಕ್ಕೂ ಬೆಳಕಿನ ಎಳೆ. ಲಾಹೋರಿನ ಹೊರಗೂ ಅಂಥದೇ ರಸ್ತೆ. ಇಂಧನ ಕೆಲವೇ ನಿಮಿಷಗಳಿಗಾಗುವಷ್ಟು ಉಳಿದಿತ್ತು. ದೇವಿಶರಣ್ ಅದೇ ರನ್‌ವೇ ಇರಬೇಕೆಂದು ಇಳಿಯತೊಡಗಿದರು. ತೀರ ಕೆಳಗೆ ಬಂದಾಗ ಅಲ್ಲಿ ವಾಹನಗಳು ಓಡಾಡುತ್ತಿರುವುದು ಕಂಡಿತು. ಮೂಗನ್ನು ಮೇಲೆತ್ತಿ, ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮತ್ತೆ ಏರಿಸಿದರು.

ಒಂದು ಕ್ಷಣ ತಡವಾಗಿದ್ದರೆ? ವಿಮಾನ ಇಳಿಯುವ ವೇಗ ಗಂಟೆಗೆ 250 ಕಿ.ಮೀ. ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು ಎಪ್ಪತ್ತು ಮೀಟರ್. ತಪ್ಪಾಯಿತೆಂದು ತಿಳಿದು, ಮನಸ್ಸು ಅದನ್ನು ಒಪ್ಪಿ, ಕೈ ಅದನ್ನು ತಿದ್ದುವಷ್ಟರಲ್ಲಿ ವಿಮಾನ ನೂರಾರು ಮೀಟರ್ ಮುಂದೆ ಹೋಗಿರುತ್ತದೆ. ತನ್ನ ಊಹೆಗೆ ಜೋತುಬೀಳದೆ ಕಂಡದ್ದನ್ನು ಕಂಡಂತೆ ನಂಬಿದ್ದರಿಂದ ಅಂದು ವಿಮಾನದಲ್ಲಿದ್ದವರೂ ರಸ್ತೆಯಲ್ಲಿದ್ದವರೂ ಉಳಿದರು. ಕೊನೆಗೆ ಲಾಹೋರ್ ದೀಪ ಹಾಕಿತು. ಎಂಟು ಗಂಟೆ ಏಳು ನಿಮಿಷಕ್ಕೆ ವಿಮಾನ ಕೆಳಗಿಳಿಯಿತು.

ಅಲ್ಲಿ ಇಂಧನ ತುಂಬಿಸಿಕೊಂಡು ರಾತ್ರಿಯೇ ಮತ್ತೆ ಹಾರಾಟ. ನಡುರಾತ್ರಿಯ ನಂತರ ದುಬೈ ಬಳಿಯ ಅಲ್ ಮಿನ್ಹಾದ್ ವಾಯುನೆಲೆ. ಅಲ್ಲಿ 27 ಪ್ರಯಾಣಿಕರನ್ನು ಬಿಟ್ಟರು. ಇರಿತಕ್ಕೆ ಬಲಿಯಾದ ರೂಪಿನ್ ಕತ್ಯಾಲ್ ಅವರ ದೇಹವನ್ನೂ ಅಲ್ಲೇ ಇಳಿಸಿದರು. ಇಪ್ಪತ್ತೈದರ ಆ ತರುಣ ಹೊಸದಾಗಿ ಮದುವೆಯಾಗಿ ಪತ್ನಿಯೊಡನೆ ನೇಪಾಳಕ್ಕೆ ಹೋಗಿ ಮರಳುತ್ತಿದ್ದರು. ಡಿಸೆಂಬರ್ 25ರ ಬೆಳಿಗ್ಗೆ ವಿಮಾನ ಅಫ್ಘಾನಿಸ್ತಾನದ ಕಂದಹಾರ್ ತಲುಪಿತು. ಉಳಿದವರ ಬಿಡುಗಡೆಯಾದದ್ದು ಡಿಸೆಂಬರ್ 31ರಂದು, ಭಾರತದ ಸೆರೆಯಲ್ಲಿದ್ದ ಮೂವರು ಉಗ್ರರನ್ನು ಒಪ್ಪಿಸಿದ ಮೇಲೆ.

2024ರಲ್ಲಿ ಈ ಘಟನೆಯನ್ನು ಆಧರಿಸಿದ ಧಾರಾವಾಹಿ ತೆರೆಗೆ ಬಂದಾಗ ಮಕ್ಕಳೂ ನೋಡಿದರು. ಅದರಲ್ಲಿ ಕಟ್ಟಿಕೊಂಡ ಶೌಚಾಲಯದ ಕೊಳವೆಯನ್ನು ಕ್ಯಾಪ್ಟನ್ನೇ ಸರಿಪಡಿಸುವ ದೃಶ್ಯವಿದೆ. ನಿಜವಾದ ಕ್ಯಾಪ್ಟನ್ ಸಂದರ್ಶನದಲ್ಲಿ ಅದನ್ನು ಅಲ್ಲಗಳೆದರು. ಕೆಲಸಗಾರನೊಬ್ಬ ಬಂದಿದ್ದ, ಕೊಳವೆ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ತಾವು ಜೊತೆಗೆ ಕೆಳಗಿಳಿದು ಜಾಗ ತೋರಿಸಿದ್ದಷ್ಟೇ ಎಂದರು. ಮಾಡದ ಕೆಲಸದ ಕೀರ್ತಿ ತಾನಾಗಿ ಬಂದಾಗ ಬೇಡವೆನ್ನುವವರು ಕಡಿಮೆ. ಅಂಥವರ ಮಾತಿನಲ್ಲಿ ಉಳಿದ ವಿವರಗಳನ್ನೂ ನಂಬಬಹುದು.

“ಸರ್, ಯಾಕೆ ಹೊಡೆದಾಡಲಿಲ್ಲ?”

ಈ ಪ್ರಸಂಗ ಹೇಳಿದಾಗಲೆಲ್ಲ ತರಗತಿಯಲ್ಲಿ ಏಳುವ ಪ್ರಶ್ನೆ ಇದು. ಅವರು ಐವರು, ಒಳಗಿದ್ದವರು ನೂರೆಂಬತ್ತು. ಸಿನಿಮಾದಲ್ಲಾದರೆ ನಾಯಕ ಎರಡು ಏಟಿಗೆ ಪಿಸ್ತೂಲು ಕಿತ್ತುಕೊಳ್ಳುತ್ತಾನೆ. ಒಂದು ಗುಂಡು ತಗುಲಿದರೆ ವಿಮಾನ ಬಲೂನಿನಂತೆ ಒಡೆಯುತ್ತದೆ ಎಂದೂ ಸಿನಿಮಾ ಹೇಳುತ್ತದೆ. ಎರಡೂ ಪೂರ್ತಿ ನಿಜವಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ನೆಲದ ಮೇಲಿನದರ ಕಾಲು ಭಾಗದಷ್ಟು, ಉಷ್ಣತೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಬೆರಳು ತೂರುವಷ್ಟು ತೂತಾದರೆ ಗಾಳಿ ಸೋರುತ್ತದೆ, ಆದರೆ ಒತ್ತಡ ಕಾಯ್ದುಕೊಳ್ಳುವ ಯಂತ್ರ ಅದನ್ನು ತುಂಬಿಕೊಡಬಲ್ಲದು. ಅಪಾಯ ಬೇರೆ ಕಡೆ ಇದೆ. ಗ್ರೆನೇಡ್ ಸಿಡಿದರೆ ಗೋಡೆಯೇ ಕಿತ್ತುಹೋಗಬಹುದು. ಗುಂಡು ತಂತಿಗೋ, ಎಣ್ಣೆಯ ಒತ್ತಡದ ಕೊಳವೆಗೋ, ಎಲ್ಲಕ್ಕಿಂತ ಮುಖ್ಯವಾಗಿ ಪೈಲಟ್‌ಗೋ ತಗುಲಬಹುದು. ಬಸ್ಸಿನ ಚಾಲಕನಿಗೆ ಏನಾದರೂ ಆದರೆ ಬಸ್ಸು ರಸ್ತೆಯ ಪಕ್ಕ ನಿಂತೀತು. ಎದೆನೋವು ಬಂದರೂ ಬಸ್ಸನ್ನು ಬದಿಗೆ ನಿಲ್ಲಿಸಿ ಪ್ರಯಾಣಿಕರನ್ನು ಉಳಿಸಿದ ಚಾಲಕರ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಆಕಾಶದಲ್ಲಿ ಬದಿ ಎಂಬುದಿಲ್ಲ.

ಆದ್ದರಿಂದಲೇ ಆ ಕಾಲದ ಪೈಲಟ್‌ಗಳಿಗೆ ಕಲಿಸುತ್ತಿದ್ದದ್ದು: ಕೆಣಕಬೇಡ, ಮಾತಾಡಿಸುತ್ತಿರು, ಹೇಗಾದರೂ ಮಾಡಿ ನೆಲಕ್ಕೆ ಇಳಿಸು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಅಪಹರಣಕಾರರು ತಾವೇ ವಿಮಾನ ನಡೆಸಿ ಕಟ್ಟಡಗಳಿಗೆ ಅಪ್ಪಳಿಸಿದ ಮೇಲೆ ಈ ಪಾಠ ಬದಲಾಯಿತು. ಗುಂಡು ತೂರದ, ಒಳಗಿನಿಂದ ಬೀಗ ಬೀಳುವ ಕಾಕ್‌ಪಿಟ್ ಬಾಗಿಲು ಬಂದದ್ದು ಆಮೇಲೆ. ಭಾರತದಲ್ಲಿ 1982ರ ಅಪಹರಣ ತಡೆ ಕಾಯ್ದೆಯ ಜಾಗಕ್ಕೆ 2016ರ ಹೊಸ ಕಾಯ್ದೆ ಬಂತು. ಇಂದಿನ ಬಾಗಿಲನ್ನು ಮನಸ್ಸಿನಲ್ಲಿಟ್ಟುಕೊಂಡು 1999ರ ಪೈಲಟ್‌ನನ್ನು ಅಳೆಯುವುದು ನ್ಯಾಯವಲ್ಲ.

ಕಾಕ್‌ಪಿಟ್‌ನಲ್ಲಿ ಕೈಕೈ ಮಿಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾದ ಒಂದು ಉದಾಹರಣೆ ಇದೆ. 1996ರ ನವೆಂಬರ್ 23ರಂದು ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟಿದ್ದ ಬೋಯಿಂಗ್ 767 ವಿಮಾನವನ್ನು ಮೂವರು ಅಪಹರಿಸಿ ಆಸ್ಟ್ರೇಲಿಯಾಕ್ಕೆ ಹೋಗೆಂದರು. ಅದರಲ್ಲಿ 175 ಜನರಿದ್ದರು. ಕ್ಯಾಪ್ಟನ್ ಲೆವುಲ್ ಅಬಾಟೆ ಅವರಿಗೆ ಅಪಹರಣ ಹೊಸದಲ್ಲ. ಹಿಂದೆ ಎರಡು ಸಲ ಅನುಭವಿಸಿದ್ದರು. ಅಷ್ಟು ದೂರಕ್ಕೆ ಇಂಧನವಿಲ್ಲ ಎಂದರು. ಆಗ ಅಪಹರಣಕಾರರು ಆಸನದ ಜೇಬಿನಲ್ಲಿ ಇಡುವ ಪತ್ರಿಕೆಯನ್ನು ತೆರೆದು ತೋರಿಸಿದರಂತೆ: ಈ ವಿಮಾನ ಹನ್ನೊಂದು ಗಂಟೆ ಹಾರಬಲ್ಲದು ಎಂದು ಇಲ್ಲೇ ಅಚ್ಚಾಗಿದೆಯಲ್ಲ! ಟ್ಯಾಂಕ್ ತುಂಬಿದಾಗ ಹಾರಬಲ್ಲದ್ದಕ್ಕೂ ಈಗ ಟ್ಯಾಂಕಿನಲ್ಲಿ ಇರುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಆಯುಧಧಾರಿಗಳು ಅವರು. ಅರ್ಧ ಓದಿದವರ ವಾದ ಹೀಗಿರುತ್ತದೆ.

ಲೆವುಲ್ ಅಬಾಟೆ ಜಾಣತನದಿಂದ ಆಫ್ರಿಕಾದ ಕರಾವಳಿಯ ಗುಂಟವೇ ವಿಮಾನ ನಡೆಸಿದರು. ಅದನ್ನು ಕಂಡುಕೊಂಡ ಅಪಹರಣಕಾರರು ಸಮುದ್ರದ ಕಡೆ ತಿರುಗಿಸಲು ಹೇಳಿದಾಗ ಕೊಮೊರೊಸ್ ದ್ವೀಪಗಳತ್ತ ತಿರುಗಿಸಿದರು. ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಎಂಜಿನ್ ನಿಂತ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಹತ್ತು ಕಿ.ಮೀ. ಎತ್ತರದಿಂದ ನೂರೈವತ್ತು ಕಿ.ಮೀ.ವರೆಗೂ ಅದು ತೇಲುತ್ತ ಸಾಗಬಹುದು. ಎದುರು ಗಾಳಿಗೆ ತಿರುಗುವ ಸಣ್ಣ ಪಂಖವೊಂದು ಹೊರಗೆ ಚಾಚಿಕೊಂಡು ಚಾಲನೆಗೆ ಬೇಕಾದಷ್ಟು ಶಕ್ತಿ ಕೊಡುತ್ತದೆ. ದ್ವೀಪದ ವಿಮಾನ ನಿಲ್ದಾಣಕ್ಕೆ ತಲುಪಿಸುವುದು ಅವರ ಯೋಚನೆಯಾಗಿತ್ತು. ಆದರೆ ಕೊನೆಯ ನಿಮಿಷಗಳಲ್ಲಿ ಅಪಹರಣಕಾರರು ಚಾಲನೆಗಾಗಿ ಕಿತ್ತಾಡಿದರು, ನಿಲ್ದಾಣ ಕಣ್ತಪ್ಪಿತು. ದಡದ ಹೋಟೆಲ್ ಒಂದರ ಎದುರಿನ ಆಳವಿಲ್ಲದ ನೀರಿಗೇ ಇಳಿಸಬೇಕಾಯಿತು. ಎಡರೆಕ್ಕೆ ಮೊದಲು ನೀರಿಗೆ ಬಡಿದು ವಿಮಾನ ತುಂಡಾಯಿತು. 125 ಜನ ಸತ್ತರು, 50 ಜನ ಬದುಕಿದರು. ದಡದಲ್ಲಿ ಜನರಿರುವ ಕಡೆಯೇ ಇಳಿದದ್ದರಿಂದ ಹೋಟೆಲಿನವರೂ ಪ್ರವಾಸಿಗರೂ ಧಾವಿಸಿ ಬಂದು ಎತ್ತಿಕೊಳ್ಳುವಂತಾಯಿತು. ಸತ್ತವರಲ್ಲಿ ಹಲವರು ನೀರಿಗಿಳಿಯುವ ಮೊದಲೇ ವಿಮಾನದೊಳಗೆ ತೇಲುಕವಚವನ್ನು ಉಬ್ಬಿಸಿಕೊಂಡಿದ್ದರು. ನೀರು ತುಂಬಿದಾಗ ಅದು ಅವರನ್ನು ಛಾವಣಿಗೆ ಒತ್ತಿ ಹಿಡಿಯಿತು. ವಿಮಾನವೇರುವ ಮುನ್ನ ಗಗನಸಖಿ ಹೇಳುವ ಸೂಚನೆಯನ್ನು ಕಿವಿಗೊಟ್ಟು ಕೇಳಬೇಕೆಂಬುದು ಇದಕ್ಕೇ.

ಬಿಟ್ಟುಹೋದವರು, ಉಳಿದವರು

ಹಾಗಾದರೆ ಪೈಲಟ್ ಯಾವಾಗಲೂ ಆಸನದಲ್ಲೇ ಇರಬೇಕೆ? 1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಬಂದಿದ್ದ ಪ್ಯಾನ್ ಆಮ್ ವಿಮಾನ ಕರಾಚಿಯಲ್ಲಿ ನಿಂತಿದ್ದಾಗ ಭದ್ರತಾ ಸಿಬ್ಬಂದಿಯ ವೇಷದ ನಾಲ್ವರು ನುಗ್ಗಿದರು. ಗಗನಸಖಿ ನೀರಜಾ ಭನೋಟ್ ಕಾಕ್‌ಪಿಟ್‌ಗೆ ಸೂಚನೆ ತಲುಪಿಸಿದರು. ಅಲ್ಲಿದ್ದ ಮೂವರೂ ಮೇಲಿನ ಕಿಂಡಿಯಿಂದ ಇಳಿದುಹೋದರು. ಪ್ರಯಾಣಿಕರನ್ನು ಬಿಟ್ಟು ಓಡಿದರು ಎಂದು ಅವರನ್ನು ಆಡಿಕೊಂಡವರುಂಟು. ಅದು ತಪ್ಪು ತೀರ್ಪು. ವಿಮಾನ ನೆಲದ ಮೇಲಿದ್ದಾಗ ಪೈಲಟ್ ಇಲ್ಲವಾದರೆ ಅದು ಏರುವುದೇ ಇಲ್ಲ. ಏರದ ವಿಮಾನವನ್ನು ಬೇರೆ ದೇಶಕ್ಕೆ ಒಯ್ಯಲಾಗದು, ಊರ ಮೇಲೆ ಬೀಳಿಸಲಾಗದು. ಅಂದು ಆಸನ ಬಿಡುವುದೇ ಕರ್ತವ್ಯವಾಗಿತ್ತು. ಆದರೆ ಅದರ ಭಾರವೆಲ್ಲ ಒಳಗೆ ಉಳಿದ ಗಗನಸಖಿಯರ ಹೆಗಲಿಗೆ ಬಿತ್ತು ಎಂಬುದೂ ಅಷ್ಟೇ ನಿಜ. ಹದಿನೇಳು ಗಂಟೆಗಳ ನಂತರ ವಿದ್ಯುತ್ ಒದಗಿಸುತ್ತಿದ್ದ ಸಹಾಯಕ ಯಂತ್ರ ನಿಂತು ದೀಪ ಮಂಕಾದಾಗ ಗುಂಡಿನ ಸುರಿಮಳೆಯಾಯಿತು. ಬಾಗಿಲು ತೆರೆದು ಪ್ರಯಾಣಿಕರನ್ನು ಹೊರಗೆ ಕಳಿಸಿದ ನೀರಜಾ ಅಲ್ಲೇ ಪ್ರಾಣಬಿಟ್ಟರು. ಇಪ್ಪತ್ತಮೂರು ತುಂಬಲು ಎರಡು ದಿನ ಬಾಕಿಯಿತ್ತು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಹತ್ತು ವರ್ಷ ಹಿಂದೆ, 1976ರ ಜೂನ್‌ನಲ್ಲಿ, ಏರ್ ಫ್ರಾನ್ಸ್ ವಿಮಾನವೊಂದನ್ನು ಉಗಾಂಡಾದ ಎಂಟೆಬೆಗೆ ಒಯ್ದಿದ್ದರು. ಅದೂ ಎ-300. ಅಪಹರಣಕಾರರು ಇಸ್ರೇಲಿಗಳನ್ನು ಬೇರೆ ಮಾಡಿ ಉಳಿದವರಲ್ಲಿ ಹೆಚ್ಚಿನವರನ್ನು ಬಿಟ್ಟರು. ಸಿಬ್ಬಂದಿಯೂ ಹೋಗಬಹುದಿತ್ತು. ಕ್ಯಾಪ್ಟನ್ ಮಿಶೆಲ್ ಬಕೊಸ್ ಒಪ್ಪಲಿಲ್ಲ. ಹನ್ನೆರಡು ಸಿಬ್ಬಂದಿಯೂ ಉಳಿದರು. ಆ ನಿಲ್ದಾಣದ ಕಟ್ಟಡದಲ್ಲಿ ಪೈಲಟ್‌ಗೆ ಹಾರಿಸಲು ವಿಮಾನವಿರಲಿಲ್ಲ, ನೋಡಲು ಇಂಧನದ ಮುಳ್ಳಿರಲಿಲ್ಲ. ಪ್ರಯಾಣಿಕರ ಜೊತೆ ಇರುವುದೊಂದೇ ಉಳಿದಿದ್ದ ಕೆಲಸ. ಜುಲೈ 4ರ ನಸುಕಿಗೆ ಮುಂಚೆ ಇಸ್ರೇಲಿ ಸೈನಿಕರು ಬಂದು ಬಿಡಿಸಿಕೊಂಡು ಹೋದರು. ಬಕೊಸ್ 2019ರಲ್ಲಿ ತೀರಿಕೊಂಡರು.

ಮರುವರ್ಷ ಜರ್ಮನಿಯ ಲುಫ್ತಾನ್ಸಾ ವಿಮಾನದ ಕ್ಯಾಪ್ಟನ್ ಯೂರ್ಗೆನ್ ಶೂಮನ್ ಅವರಿಗೆ ಆ ಭಾಗ್ಯವಿರಲಿಲ್ಲ. ಏಡನ್‌ನಲ್ಲಿ ರನ್‌ವೇಗೆ ಅಡ್ಡ ಹಾಕಿದ್ದರಿಂದ ಪಕ್ಕದ ಮರಳಿನ ಮೇಲೆ ಇಳಿಸಬೇಕಾಯಿತು. ಚಕ್ರಗಳು ಸರಿಯಿವೆಯೇ ನೋಡಲು ಅವರನ್ನು ಕೆಳಗೆ ಬಿಟ್ಟರು. ಮರಳಿ ಬರುವುದು ತಡವಾಯಿತು. ಹೊರಗಿದ್ದವರು ಹೊರಗೇ ಉಳಿಯಬಹುದಿತ್ತು, ಆದರೆ ಒಳಗೆ ಎಂಬತ್ತಕ್ಕೂ ಹೆಚ್ಚು ಜನ ಒತ್ತೆಯಾಳುಗಳು. ಮರಳಿ ಬಂದರು. ಬಂದವರನ್ನು ಅಪಹರಣಕಾರರ ನಾಯಕ ಪ್ರಯಾಣಿಕರೆದುರೇ ಗುಂಡಿಟ್ಟು ಕೊಂದ. ಸಹ ಪೈಲಟ್ ಯೂರ್ಗೆನ್ ಫೀಟರ್ ಒಬ್ಬರೇ ಅದೇ ವಿಮಾನವನ್ನು ಮರಳಿನಿಂದ ಏರಿಸಿ ಸೊಮಾಲಿಯಾದ ಮೊಗದಿಶುವಿಗೆ ಒಯ್ದರು. ಅಲ್ಲಿ 1977ರ ಅಕ್ಟೋಬರ್ 18ರಂದು ಜರ್ಮನ್ ಕಮಾಂಡೋಗಳು ಉಳಿದ ಎಲ್ಲ ಒತ್ತೆಯಾಳುಗಳನ್ನೂ ಜೀವಂತ ಬಿಡಿಸಿದರು.

ಹುಬ್ಬಳ್ಳಿ ನಿಲ್ದಾಣಕ್ಕೆ ಇಳಿಯುವ ವಿಮಾನ ಕಂಡು ‘ನಾನೂ ಪೈಲಟ್ ಆಗುತ್ತೇನೆ’ ಎನ್ನುವ ಹುಡುಗ ಹುಡುಗಿಯರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಅವರ ಅಪ್ಪ ಅವ್ವ ಮೊದಲು ಕೇಳುವುದು ಖರ್ಚಿನ ಬಗ್ಗೆ. ಖರ್ಚು ದೊಡ್ಡದೇ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು ಎಂಬುದು ನಮ್ಮ ದೇಶದಲ್ಲಿ ನಡೆದು ಬಂದ ನಿಯಮ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ 1948ರಷ್ಟು ಹಿಂದೆಯೇ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾಯಿತು. ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಅವ್ವಂದಿರದು: ‘ಭಯ ಆಗೂದಿಲ್ಲೇನು?’

ಕಂದಹಾರ್‌ನಿಂದ ಮರಳಿದ ದೇವಿಶರಣ್ ವಿಮಾನ ನಡೆಸುವುದನ್ನು ಬಿಡಲಿಲ್ಲ. ಇನ್ನೂ ಇಪ್ಪತ್ತೈದು ವರ್ಷ ಹಾರಿದರು. ಇಂಡಿಯನ್ ಏರ್‌ಲೈನ್ಸ್ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಎ-300 ವಿಮಾನಗಳು ಮೂಲೆ ಸೇರಿದವು, ಫ್ಲೈಟ್ ಎಂಜಿನಿಯರ್‌ನ ಆಸನ ಕಾಕ್‌ಪಿಟ್‌ನಿಂದ ಮಾಯವಾಯಿತು. 2025ರ ಜನವರಿಯಲ್ಲಿ ಮೆಲ್ಬರ್ನ್‌ನಿಂದ ದೆಹಲಿಗೆ ಬಂದ ಡ್ರೀಮ್‌ಲೈನರ್ ವಿಮಾನವನ್ನು ಇಳಿಸಿ ಅವರು ನಿವೃತ್ತರಾದರು.